ಮಕ್ಕಳಿಗೆ ಇಂಟರ್ನೆಟ್: ಚೀಟಿ ಆಟ ಇಲ್ಲಿಯವರೆಗೆ

ಸಿಂಧನೂರಿನ ನಮ್ಮ ಓಣಿಯ ಎರಡನೇ, ಮೂರನೇ ಕ್ಲಾಸಿನ ಮಕ್ಕಳಿಗೆ ಇಂಟರ್ನೆಟ್ ಹೇಗೆ ನಡೆಯುತ್ತದೆ ಅಂತ ತೋರಿಸುವ ಆಟ ಒಂದು ಹದಕ್ಕೆ ಬಂದಿದೆ. ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮುಂಚೆ, ನಮ್ಮ ಅಂಗಳದಲ್ಲಿ ಆಡುತ್ತೇವೆ. ಸೀಮೆಸುಣ್ಣ, ಹಳೇ ನೋಟ್‌ಬುಕ್ಕಿನ ಹಾಳೆ, ಒಂದು ಬುಟ್ಟಿ ಇದ್ದರೆ ಸಾಕು.

ಎಡದಂಡೆ ಕಾಲುವೆ ಇಟ್ಕೊಂಡು ಹೇಳವ್ವ, ಲಗೂನ ತಿಳೀತದ ಅಂತ ನಮ್ಮ ಮಾವ ಹೇಳುತ್ತಲೇ ಇದ್ದಾರೆ. ನಾನು ಒಪ್ಪಿಲ್ಲ. ಕಾಲುವೆ ನೀರು ಹರಿಯುವುದು ಒಂದೇ ಕಡೆ. ಇಲ್ಲಿ ಹೋಗುವುದೂ ಇದೆ, ಬರುವುದೂ ಇದೆ. ಜೊತೆಗೆ, ಇಂಟರ್ನೆಟ್ಟಿನಲ್ಲಿ ಕಳಿಸಿದ್ದು ನಂಬರ್ ಹಾಕಿದ ತುಂಡುಗಳಾಗಿ ಹೋಗುತ್ತದೆ. ನೀರನ್ನು ತುಂಡು ಮಾಡಿ ನಂಬರ್ ಹಾಕೋಕಾಗಲ್ಲ ಅಲ್ವಾ?

ನೆಲದ ಮೇಲೆ ವೃತ್ತ ಬರೆದು, ನಂಬರ್ ಕೊಟ್ಟು, ಒಂದೊಂದರಲ್ಲಿ ಒಂದು ಮಗುವನ್ನು ನಿಲ್ಲಿಸುತ್ತೇನೆ. ಈ ಮೂಲೆಯವರು ಬರೆದ ಚಿತ್ರವನ್ನು ತುಂಡು ಮಾಡಿ ಆ ಮೂಲೆಗೆ ಕಳಿಸಬೇಕು. ಪ್ರತಿ ತುಂಡಿನ, ಅಂದರೆ ಚೀಟಿಯ, ಹಿಂದೆ ಯಾರಿಂದ, ಯಾರಿಗೆ, ಎಷ್ಟನೇ ತುಂಡು ಅಂತ ಬರೆದಿರುತ್ತದೆ. ನಡುವಿನವರಿಗೆ ಇಡೀ ದಾರಿ ಗೊತ್ತಿರಬೇಕಿಲ್ಲ. ಪಕ್ಕದವರಲ್ಲಿ ಯಾರಿಗೆ ಕೊಡಬೇಕು ಅಂತ ಗೊತ್ತಿದ್ದರೆ ಆಯಿತು. ನಿಜವಾದ ರೂಟರ್ (ಇಂಟರ್ನೆಟ್ಟಿನಲ್ಲಿ ತುಂಡುಗಳನ್ನು ಮುಂದಕ್ಕೆ ದಾಟಿಸುವ ಯಂತ್ರ) ಕೂಡ ತನ್ನ ಪಟ್ಟಿ ನೋಡಿ ಮುಂದಿನ ಒಂದು ಹೆಜ್ಜೆ ಮಾತ್ರ ತೀರ್ಮಾನಿಸುತ್ತದೆ. ಯಾರಾದರೂ ನೀರು ಕುಡಿಯಲು ಹೋದರೆ ತುಂಡುಗಳು ಬೇರೆ ದಾರಿ ಹಿಡಿಯುತ್ತವೆ. ತಲುಪದೇ ಇದ್ದದ್ದನ್ನು "ಐದು ಬಂದಿಲ್ಲ, ಮತ್ತ ಕಳಸು" ಅಂತ ಕೂಗಿ ಕೇಳಬೇಕು. ಅದಕ್ಕೇ ಚಿತ್ರದ ಜೆರಾಕ್ಸ್ ಮೊದಲೇ ತೆಗೆಸಿಡುತ್ತೇನೆ.

1969ರ ಅಕ್ಟೋಬರ್ 29ರಂದು ಕ್ಯಾಲಿಫೋರ್ನಿಯಾದಲ್ಲಿ ಇಂಟರ್ನೆಟ್ಟಿಗೂ ಮೊದಲಿನ ಜಾಲವಾದ ಅರ್ಪಾನೆಟ್‌ನ ಮೊದಲ ಸಂದೇಶ ಕಳಿಸುವಾಗ 'LOGIN' ಪದದ ಮೊದಲ ಎರಡು ಅಕ್ಷರ, LO, ಮಾತ್ರ ಹೋಗಿ ಕಂಪ್ಯೂಟರ್ ನಿಂತುಹೋಗಿತ್ತು. ಇದನ್ನು ಹೇಳಿದ ಮೇಲೆ ತುಂಡು ಕಳೆದರೆ ಯಾರೂ ಅಳುವುದಿಲ್ಲ.

ಆಟಕ್ಕೆ ಹೊಸದಾಗಿ ಸೇರಿದ್ದು ಚುಕ್ಕಿ. ಇಬ್ಬರು ತುಂಟರು ಒಂದೇ ಚೀಟಿಯನ್ನು ನೀನು ತಗೋ, ನೀನೇ ತಗೋ ಅಂತ ನಗುತ್ತಾ ಆಚೆ ಈಚೆ ಮಾಡುತ್ತಿದ್ದರು. ಬೈಯುವ ಅಗತ್ಯ ಬೀಳಲಿಲ್ಲ, ಇಂಟರ್ನೆಟ್ಟಿನಲ್ಲೂ ಇದು ಆಗುತ್ತದೆ, ಅದಕ್ಕೆ ಮದ್ದೂ ಇದೆ. ಈಗ ಪ್ರತಿ ಚೀಟಿಯ ಮೇಲೆ ಆರು ಚುಕ್ಕಿ ಇರುತ್ತವೆ. ಕೈ ಬದಲಾದಾಗಲೆಲ್ಲ ಒಂದು ಚುಕ್ಕಿ ಹೊಡೆದು ಹಾಕಬೇಕು. ಎಲ್ಲ ಮುಗಿದರೆ ಚೀಟಿ ಬುಟ್ಟಿಗೆ. ತುಂಟರ ಚೀಟಿ ತಾನಾಗಿಯೇ ಸತ್ತಿತು! ಆಮೇಲೆ ಲ್ಯಾಪ್‌ಟಾಪಿನಲ್ಲಿ ಪಿಂಗ್ (ಇನ್ನೊಂದು ಕಂಪ್ಯೂಟರಿಗೆ 'ಇದ್ದೀಯಾ?' ಅಂತ ಕೇಳುವ ಆಜ್ಞೆ) ಹಾಕಿ, ಉತ್ತರದಲ್ಲಿ ಬರುವ ಟಿಟಿಎಲ್ ಸಂಖ್ಯೆ, ಅಂದರೆ ಉಳಿದ ಚುಕ್ಕಿಗಳ ಲೆಕ್ಕ, ತೋರಿಸಿದೆ. ಸಾಮಾನ್ಯವಾಗಿ 64 ಅಥವಾ 128ರಿಂದ ಶುರುವಾಗಿ, ಒಂದೊಂದು ರೂಟರ್ ದಾಟಿದಾಗ ಒಂದೊಂದು ಕಡಿಮೆಯಾಗುತ್ತದೆ. "ಅಂದ್ರ ಕಂಪ್ಯೂಟರಿಗೂ ಚುಕ್ಕಿ ಅದಾವೇನಕ್ಕಾ?" ಅಂತ ಒಬ್ಬಳು ಕೇಳಿದಳು. ಇದ್ದಾವಮ್ಮ.

ಮಕ್ಕಳು ನಂಬಲು ಜಾಸ್ತಿ ಹೊತ್ತು ಹಿಡಿದದ್ದು ತಂತಿಯ ವಿಷಯ. ಎಲ್ಲಾ ಟವರಿನಿಂದಲೇ ಬರುತ್ತದೆ ಅನ್ನೋದು ಅವರ ವಾದ. ಆ ಟವರಿನ ಬುಡಕ್ಕೂ ಎಷ್ಟೋ ಕಡೆ ನೆಲದೊಳಗಿಂದ ಕೇಬಲ್ ಬಂದಿರುತ್ತದೆ, ದೇಶ ದಾಟುವ ಕೇಬಲ್ ಮುಂಬೈ, ಚೆನ್ನೈ ತೀರದಿಂದ ಸಮುದ್ರದ ತಳ ಹಿಡಿದು ಹೋಗುತ್ತದೆ ಅಂದರೆ ಸುಮ್ನೆ ನಕ್ಕರು. ಓಣಿಗೆ ಫೈಬರ್, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆಯ ಕೇಬಲ್, ಹಾಕುವ ತಮ್ಮ ಒಬ್ಬನನ್ನು ಕರೆದೆ. ಅವನು ಹಳದಿ ಪ್ಯಾಚ್ ಕಾರ್ಡಿನ (ಗಿಡ್ಡ ಫೈಬರ್ ತಂತಿ) ಒಂದು ತುದಿಗೆ ಕೆಂಪು ಲೈಟಿನ ಪೆನ್ ಚುಚ್ಚಿದ. ಇನ್ನೊಂದು ತುದಿಯನ್ನು ಗೋಡೆ ಕಡೆ ತಿರುಗಿಸಿದಾಗ ಕೆಂಪು ಚುಕ್ಕೆ ಬಿತ್ತು. ಆಮೇಲೆ ಕಾರ್ಡನ್ನು ಬೆರಳಿಗೆ ಬಿಗಿಯಾಗಿ ಸುತ್ತಿದ. ಬಾಗಿದ ಜಾಗದಲ್ಲಿ ಹಳದಿ ಸಿಪ್ಪೆಯ ಮೂಲಕ ಬೆಳಕು ಸೋರಿತು, ಗೋಡೆಯ ಚುಕ್ಕೆ ಮಂಕಾಯಿತು. ಮನೆ ಫೈಬರಿನ ಒಂದೇ ಎಳೆಯಲ್ಲಿ ಹೋಗುವ ಬೆಳಕು, ಬರುವ ಬೆಳಕು ಬೇರೆ ಬೇರೆ ಬಗೆಯವು, ಎರಡೂ ಕಣ್ಣಿಗೆ ಕಾಣಲ್ಲ ಅಂತ ಅವನೇ ವಿವರಿಸಿದ. ಕಾಣದಿದ್ದರೂ ಕಣ್ಣಿಗೆ ಅಪಾಯ. ಹಾಗಾಗಿ ತುದಿಯೊಳಗೆ ಇಣುಕಬಾರದು ಅನ್ನೋದು ಈ ಆಟದ ಒಂದೇ ಕಟ್ಟುನಿಟ್ಟಿನ ನಿಯಮ.

ಸದ್ಯಕ್ಕೆ ಜಗಳ ಬೇರೆಯದು. "ಅಕ್ಕಾ, ಇವ ನಡುವ ನನ್ನ ಚೀಟಿ ಓದ್ಯಾನ!" ಓದೋದು ಸಹಜ, ಚೀಟಿ ತೆರೆದೇ ಇದೆಯಲ್ಲ. ಮುಂದಿನ ವಾರ ಬೀಗದ ಲಿಪಿ ಶುರು: ಕ ಇದ್ದಲ್ಲಿ ಖ, ಖ ಇದ್ದಲ್ಲಿ ಗ, ಹೀಗೆ ಒಂದೊಂದು ಅಕ್ಷರ ಮುಂದಕ್ಕೆ. ಎಷ್ಟು ಮನೆ ಸರಿಸಿದ್ದು ಅನ್ನೋದು ಎರಡು ತುದಿಯವರಿಗೆ ಮಾತ್ರ ಗೊತ್ತಿರಬೇಕು. ವಿಳಾಸ ಮಾತ್ರ ತೆರೆದಿರಲೇಬೇಕು, ಇಲ್ಲದಿದ್ದರೆ ನಡುವಿನವರು ಯಾರಿಗೆ ದಾಟಿಸಬೇಕು? ಒತ್ತಕ್ಷರಕ್ಕೆ ಏನು ಮಾಡೋದು ಅಂತ ಇನ್ನೂ ಯೋಚಿಸುತ್ತಿದ್ದೇನೆ.