ಮೊದಲು ತೂಕ, ಆಮೇಲೆ ಮದ್ದು
ಮಾರ್ಚ್ 14, 2025, ಶುಕ್ರವಾರ

ಇವತ್ತಿನ ಪುಟ ಬಿಪಿಡಿಸಿಎನ್‌ಗೆ. ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಎಂಬ ರೋಗನಿರೋಧಕ ಕೋಶಗಳ ಮೂಲದಿಂದ ಹುಟ್ಟುವ, ತೀರಾ ಅಪರೂಪದ ರಕ್ತ ಕ್ಯಾನ್ಸರ್. ರಕ್ತದ ಕಾಯಿಲೆಯಾದರೂ ಬಹಳಷ್ಟು ಸಲ ಮೊದಲು ಕಾಣುವುದು ಚರ್ಮದ ಮೇಲೆ: ಏಟು ಬಿದ್ದು ಕಂದಿದಂಥ ನೇರಳೆ ಕಲೆ, ಇಲ್ಲವೇ ಗಂಟು. ಬಯಾಪ್ಸಿಯಲ್ಲಿ ಸಿಡಿ4, ಸಿಡಿ56, ಸಿಡಿ123 ಎಂಬ ಕೋಶದ ಮೇಲ್ಮೈ ಗುರುತುಗಳು ಮೂರೂ ಒಟ್ಟಿಗೆ ಸಿಕ್ಕರೆ ಅನುಮಾನ ಗಟ್ಟಿಯಾಗುತ್ತದೆ.

ಇದಕ್ಕೆ ಕೊಡುವ ಮದ್ದು ಟ್ಯಾಗ್ರಾಕ್ಸೋಫಸ್ಪ್ ಗುರಿ ಇಡುವುದು ಈ ಸಿಡಿ123ಕ್ಕೆ, ಅಂದರೆ ಐಎಲ್-3 ಎಂಬ ಸಂದೇಶವಾಹಕ ಪ್ರೋಟೀನ್ ಬಂದು ಕೂರುವ ಗ್ರಾಹಕಕ್ಕೆ. ಐಎಲ್-3 ಪ್ರೋಟೀನಿಗೆ ಗಂಟಲುಮಾರಿ ರೋಗಾಣುವಿನ ವಿಷದ ಒಂದು ತುಂಡನ್ನು ಜೋಡಿಸಿದ ಔಷಧ ಅದು. ಕೋಶ ಅದನ್ನು ಐಎಲ್-3 ಎಂದೇ ಒಳಗೆಳೆದುಕೊಳ್ಳುತ್ತದೆ, ಒಳಹೊಕ್ಕ ವಿಷ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ. (ಬಾಲ್ಯದ ಲಸಿಕೆಯ ದೆಸೆಯಿಂದ ಈ ವಿಷದ ವಿರುದ್ಧದ ಪ್ರತಿಕಾಯಗಳು ಬಹುತೇಕರ ಮೈಯಲ್ಲಿ ಮೊದಲೇ ಇರುತ್ತವೆ. ಆದರೂ ಮದ್ದು ನಾಟಿತು.)

2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದ್ದವರು 47 ಮಂದಿ. ಹೋಲಿಕೆಗೆ ಬೇರೆ ಗುಂಪಿಲ್ಲ. ಇಷ್ಟು ಅಪರೂಪದ ಕಾಯಿಲೆಯಲ್ಲಿ ಅದು ಕಷ್ಟವೇ. ಮೊದಲ ಚಿಕಿತ್ಸೆಯಾಗಿ ಕೆಜಿಗೆ 12 ಮೈಕ್ರೊಗ್ರಾಂ ಪಡೆದ 29 ಮಂದಿಯಲ್ಲಿ 72% ಜನರಿಗೆ ಪೂರ್ಣ ಉಪಶಮನ. ಈ 'ಪೂರ್ಣ'ದಲ್ಲಿ ಚರ್ಮದ ಮೇಲೆ ಅಲ್ಪಸ್ವಲ್ಪ ಗುರುತು ಉಳಿದವರೂ ಸೇರಿದ್ದಾರೆ. ಅದನ್ನು ಮರೆತು 72ನ್ನು ಓದಬಾರದು. 45% ಮಂದಿ ಆಕರಕೋಶ ಕಸಿಯವರೆಗೆ ತಲುಪಿದರು. ನನ್ನ ಲೆಕ್ಕದಲ್ಲಿ ಹೆಚ್ಚು ತೂಕದ ಅಂಕಿ ಅದೇ.

ಇನ್ನೊಂದು ಅಂಕಿ 19%. ಎಲ್ಲ 47 ಮಂದಿಯಲ್ಲಿ ಅಷ್ಟು ಜನರಿಗೆ ಕ್ಯಾಪಿಲರಿ ಲೀಕ್ ಆಯಿತು, ಇಬ್ಬರು ಅದರಿಂದ ತೀರಿಕೊಂಡರು. ಸಣ್ಣ ರಕ್ತನಾಳಗಳು ಸೋರಿ, ನೀರನ್ನು ನಾಳದಲ್ಲಿ ಹಿಡಿದಿಡುವ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಇಳಿದು, ತೂಕ ಏರಿ, ಕಾಲು ಊದಿ, ಬಿಪಿ ಕುಸಿಯುತ್ತದೆ. ಊತ ಕಂಡ ಕೂಡಲೇ ಮೂತ್ರ ಹೆಚ್ಚಿಸುವ ಮದ್ದು ಕೊಡುವುದು ಇಲ್ಲಿ ಎಡವುವ ಜಾಗ: ನೀರು ಮೈಯಲ್ಲಿದೆ, ನಾಳದಲ್ಲಿಲ್ಲ. ಬಿಪಿ ಬಿದ್ದಿದ್ದರೆ ಸಲೈನ್, ಬಿಪಿ ಏರಿಸುವ ಮದ್ದು. ಬಿಪಿ ಸರಿಯಿದ್ದರೆ ಅಥವಾ ಹೆಚ್ಚಿದ್ದರೆ ಮಾತ್ರ ಮೂತ್ರವರ್ಧಕ.

ಹಾಗಾಗಿ ಡೋಸ್ ದಿನದ ಬೆಳಗ್ಗೆ ಎರಡು ಅಂಕಿ ಕೈಗೆ ಬರದೆ ಏನೂ ಶುರುವಾಗುವುದಿಲ್ಲ. ಮೊಟ್ಟಮೊದಲ ಡೋಸಿಗೆ ಅಲ್ಬುಮಿನ್ ಕನಿಷ್ಠ 3.2 ಗ್ರಾಂ/ಡಿಎಲ್ ಇರಬೇಕು. ಮುಂದೆ 3.5ಕ್ಕಿಂತ ಕೆಳಗಿಳಿದರೆ, ಅಥವಾ ಆ ಸೈಕಲ್ (ಚಿಕಿತ್ಸೆಯ ಒಂದು ಸುತ್ತು) ಶುರುವಾದಾಗ ಇದ್ದದ್ದಕ್ಕಿಂತ 0.5 ಕಡಿಮೆಯಾದರೆ ಡೋಸ್ ತಡೆದು, 25 ಗ್ರಾಂ ಅಲ್ಬುಮಿನ್ ನಾಳದ ಮೂಲಕ. ತೂಕ ಹಿಂದಿನ ದಿನಕ್ಕಿಂತ 1.5 ಕೆಜಿ ಏರಿದರೂ ಅದೇ ಕ್ರಮ. ನಿನ್ನೆ ಚಪ್ಪಲಿ ಹಾಕಿಕೊಂಡು, ಇವತ್ತು ಬರಿಗಾಲಲ್ಲಿ ತೂಗಿದರೆ ಈ ಲೆಕ್ಕಕ್ಕೆ ಅರ್ಥವಿಲ್ಲ. ಅದೇ ಯಂತ್ರ, ಅದೇ ಹೊತ್ತು.

ವಯಲ್ ಬರುವುದು ಹೆಪ್ಪುಗಟ್ಟಿಸಿ, 1 ಮಿಲೀಯಲ್ಲಿ 1000 ಮೈಕ್ರೊಗ್ರಾಂ. ಕರಗಿದ್ದನ್ನು ಮತ್ತೆ ಫ್ರೀಜ್ ಮಾಡುವಂತಿಲ್ಲ, ಆದ್ದರಿಂದ ಲ್ಯಾಬ್ ವರದಿ ಬಂದ ಮೇಲೆಯೇ ಫ್ರೀಜರ್‌ನಿಂದ ತೆಗೆಯುವುದು ಜಾಣತನ. 9 ಮಿಲೀ ಸಲೈನ್ ಬೆರೆಸಿದರೆ ಮಿಲೀಗೆ 100 ಮೈಕ್ರೊಗ್ರಾಂ. 60 ಕೆಜಿಯವರಿಗೆ 720 ಮೈಕ್ರೊಗ್ರಾಂ, ಅಂದರೆ 7.2 ಮಿಲೀ. ಸುಮಾರು 83 ಕೆಜಿ ದಾಟಿದವರಿಗೆ ಎರಡನೇ ವಯಲ್ ಬೇಕು. ಒಂದು ಗಂಟೆ ಮೊದಲು ಅಲರ್ಜಿ ತಡೆಯುವ ಮದ್ದು, ಸ್ಟೀರಾಯ್ಡ್, ಪ್ಯಾರಾಸಿಟಮಾಲ್. ಆಮೇಲೆ ಸಿರಿಂಜ್ ಪಂಪಿನಲ್ಲಿ 15 ನಿಮಿಷ.

21 ದಿನಗಳ ಸೈಕಲ್‌ನಲ್ಲಿ ಐದು ದಿನ, ದಿನಕ್ಕೊಂದು ಡೋಸ್. ನಡುವೆ ತಡೆಯಬೇಕಾಗಿ ಬಂದರೆ ಉಳಿದದ್ದನ್ನು ಹತ್ತನೇ ದಿನದೊಳಗೆ ಕೊಡಬಹುದು. ಮೊದಲ ಸೈಕಲ್‌ನ ಡೋಸ್‌ಗಳೆಲ್ಲ ಆಸ್ಪತ್ರೆಯಲ್ಲೇ. ಕೊನೆಯ ಡೋಸ್ ಆದ ಮೇಲೂ ಕನಿಷ್ಠ 24 ಗಂಟೆ ಮನೆಗೆ ಕಳಿಸುವುದಿಲ್ಲ.