ದಿಂಬಂ ಘಾಟಿ ಮತ್ತು ಎರಡು ಮೊಳ ಮಲ್ಲಿಗೆ

ಮೈಸೂರಿನಿಂದ ಚಾಮರಾಜನಗರದವರೆಗಿನ ಅರವತ್ತು ಚಿಲ್ಲರೆ ಕಿಲೋಮೀಟರಿನ ಬಗ್ಗೆ ಬರೆಯುವುದೇನೂ ಇಲ್ಲ. ಡಿಸೆಂಬರಿನ ಒಂದು ಶನಿವಾರ ನಸುಕಿಗೇ ಹನ್ನೊಂದು ಜನ ಸೈಕಲ್ಲಿನಲ್ಲಿ ಹೊರಟೆವು, ಸಾಲಾಗಿ ತುಳಿದೆವು, ಚಾಮರಾಜನಗರದಲ್ಲಿ ಇಡ್ಲಿ ತಿಂದೆವು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಎರಡು ದಿನದಿಂದ ಬಿಸಿಲು ಕಂಡಿರಲಿಲ್ಲ. ಸುವರ್ಣಾವತಿ ಜಲಾಶಯದ ಹತ್ತಿರ ಶುರುವಾದ ಜಿಟಿಜಿಟಿ ಹನಿ ಪುಣಜನೂರು ಚೆಕ್‌ಪೋಸ್ಟಿನಲ್ಲೂ ನಿಲ್ಲಲಿಲ್ಲ. “ಒಟ್ಟಿಗೇ ಹೋಗಿ, ಒಬ್ರೂ ಹಿಂದೆ ಉಳೀಬೇಡಿ” ಅಂದರು ಅಲ್ಲಿದ್ದ ಗಾರ್ಡು.

ಗಡಿ ದಾಟಿದರೆ ತಮಿಳುನಾಡಿನ ಈರೋಡ್ ಜಿಲ್ಲೆ, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಸತ್ಯಮಂಗಲದ ಕಾಡು. ಹಾಸನೂರಿನ ಆಚೆ ಆನೆಗಳು ಕಬ್ಬಿನ ಲಾರಿಗಾಗಿ ರಸ್ತೆಯಲ್ಲೇ ಕಾಯುತ್ತವೆ. ನಮಗೆ ಆನೆ ಕಾಣಲಿಲ್ಲ. ಜಗಿದು ಉಗಿದ ಕಬ್ಬಿನ ಸಿಪ್ಪೆ ಕಂಡಿತು, ಅದರ ಪಕ್ಕದಲ್ಲಿ ಲದ್ದಿ. ಆ ಚಳಿಯಲ್ಲಿ ಲದ್ದಿಯಿಂದ ಇನ್ನೂ ಹಬೆ ಏಳುತ್ತಿತ್ತು. ಅದನ್ನು ನೋಡಿದ ಮೇಲೆ ಯಾರೂ ಮಾತಾಡಲಿಲ್ಲ. ದಿಂಬಂವರೆಗೂ ಚೈನಿನ ಸದ್ದು ಮತ್ತು ಹನ್ನೊಂದು ಜನರ ಏದುಸಿರು, ಅಷ್ಟೇ.

ದಿಂಬಂ ಅಂದರೆ ಘಾಟಿಯ ನೆತ್ತಿ. ಅಲ್ಲಿಂದ ಘಾಟಿಯ ಬುಡದ ಬಣ್ಣಾರಿಗೆ 27 ಹೇರ್‌ಪಿನ್ ತಿರುವು. ನಾವು ಮುಟ್ಟಿದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಸೈಕಲ್ಲಿನ ಕೆಂಪು ದೀಪವೂ ಕಾಣುತ್ತಿರಲಿಲ್ಲ. ನಮ್ಮ ಜಾಕೆಟ್ಟು, ಉದ್ದ ಬೆರಳಿನ ಗ್ಲೌಸು, ಒಣ ಸಾಕ್ಸು ಎಲ್ಲವೂ ಬಾಡಿಗೆ ವ್ಯಾನಿನಲ್ಲಿದ್ದವು. ಅದು ದಿಂಬಂನಲ್ಲಿ ಕಾಯಬೇಕಿತ್ತು. ಮಂಜು ಹೆಚ್ಚುವ ಮುಂಚೆ ಇಳಿದುಬಿಡೋಣ ಅಂತ ಚಾಲಕ ಬಣ್ಣಾರಿಗೆ ಹೋಗಿಬಿಟ್ಟಿದ್ದ. ಫೋನಿಗೆ ಸಿಗ್ನಲ್ ಇಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಚಳಿಗಾಲದಲ್ಲಿ ಘಾಟಿ ಇಳಿಯುವವರು ಗಾಳಿ ತಡೆಯುವ ತೆಳು ಜಾಕೆಟ್ಟು, ಗ್ಲೌಸು ಎರಡನ್ನೂ ಬೆನ್ನಿನ ಜೇಬಿನಲ್ಲೇ ಇಟ್ಟುಕೊಳ್ಳಿ, ಯಾವ ವ್ಯಾನನ್ನೂ ನಂಬಬೇಡಿ. ಹತ್ತುವಾಗ ಮೈ ಬಿಸಿ ಇರುತ್ತದೆ. ಇಳಿಯುವಾಗ ತುಳಿಯುವ ಕೆಲಸವಿಲ್ಲ, ಬೆವರಿಗೆ ನೆನೆದ ಬಟ್ಟೆಯ ಮೇಲೆ ಗಾಳಿ ಹೊಡೆಯುತ್ತದೆ, ಮೊದಲು ಮರಗಟ್ಟುವುದು ಬೆರಳು. ಬೆರಳಿಲ್ಲದೆ ಬ್ರೇಕಿಲ್ಲ. ಅದರಲ್ಲೂ ನನ್ನದು ರಿಮ್ ಬ್ರೇಕು, ಚಕ್ರದ ಅಂಚನ್ನೇ ರಬ್ಬರು ಒತ್ತಿ ಹಿಡಿಯುವಂಥದು. ರಿಮ್ಮು ನೆನೆದಿದ್ದರೆ ಆ ನೀರು ಒರೆಸಿಹೋಗುವವರೆಗೆ ಬ್ರೇಕು ಹಿಡಿಯುವುದೇ ಇಲ್ಲ.

ತಗಡಿನ ಮಾಡಿನ ಒಂದು ಟೀ ಅಂಗಡಿಗೆ ನುಗ್ಗಿದೆವು. ನಾನು ಬಾರದ ತಮಿಳಲ್ಲಿ ತಡವರಿಸುತ್ತಿದ್ದರೆ ಒಲೆ ಮುಂದಿದ್ದ ಅಜ್ಜಿ, “ಕನ್ನಡದಲ್ಲೇ ಕೇಳವ್ವ” ಅಂದರು. ತಾಳವಾಡಿ ಕಡೆಯವರು. ರಾಜ್‌ಕುಮಾರ್ ಹುಟ್ಟಿದ ಗಾಜನೂರೂ ಆ ಸೀಮೆಯದೇ, ಅಲ್ಲಿ ಮನೆಮಾತು ಕನ್ನಡ. ಬೆಲ್ಲದ ಕಾಪಿ ಕೊಟ್ಟರು. ಹಾಸನೂರಿನ ರೆಸಾರ್ಟಿನಲ್ಲಿ ತಂಡದವರು ಮೆಚ್ಚಿ ಕುಡಿದ ಕಾಫಿ ಇದರ ಮುಂದೆ ಬಿಸಿನೀರು.

ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಯಜಮಾನರು ಎದ್ದು ಬಂದು ನನ್ನ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದರು.

“ಇದ್ರಲ್ಲಿ ದಿಂಬಂ ಇಳೀತಿರಾ?”

“ಹೂಂ ಅಯ್ಯಾ.”

“ನಾನೂ ಇಳ್ದಿವ್ನಿ ಕನವ್ವ. ಎಲ್ಡು ಮೂಟ ಅವರಕಾಯಿ ಏರ್ಕಂಡು, ಸತ್ಯಮಂಗಲ್ದ ಸಂತಗ.”

ಹತ್ತು ನಿಮಿಷ ನಿಂತು ಹೊರಡಬೇಕಿದ್ದವಳು ನಾನು. ಅವರ ಪಕ್ಕ ಕೂತುಬಿಟ್ಟೆ. ಮೂರು ಲಕ್ಷದ ಸೈಕಲ್ಲುಗಳನ್ನು ಇಟ್ಟುಕೊಂಡು ಈ ಘಾಟಿಯನ್ನು ನಾವು ಸಾಹಸ ಅಂದುಕೊಂಡಿದ್ದೆವು. ಇವರು ಚಳಿಗಾಲದ ಪ್ರತಿ ಸಂತೆಗೂ ಇಳಿಯುತ್ತಿದ್ದರಂತೆ.

“ಬ್ರೇಕು ಹಿಡೀತಿತ್ತಾ?”

“ಎಲ್ಲಿ ಇಡ್ದದು! ರಬ್ಬರು ಎಲ್ಡೇ ಸಂತಗ ಸವ್ದೋಗದು. ಒಂದ್ ಸೊಪ್ಪಿನ ಕೊಂಬ ಕಡ್ದು ಕ್ಯಾರಿಯರ್‌ಗ ಅಗ್ಗದಲ್ಲಿ ಕಟ್ಬುಡವು. ಅದು ದರದರ ನೆಲ ಕೆರ್ಕಂಡು ಬರದು. ಸೈಕಲ್ಲು ಅಸಿನಂಗ ನಿದಾನ್ಕ ಇಳಿಯದು.”

ಅಂಗಡಿ ಹಿಂದಿನ ಗೋಡೆಗೆ ಆ ಸೈಕಲ್ಲು ಒರಗಿತ್ತು. ಚಕ್ರ ಎರಡೂ ಇಲ್ಲ. ಕ್ಯಾರಿಯರಿನ ಕಬ್ಬಿಣದ ಸರಳಿನ ಒಂದು ಕಡೆ ಹಗ್ಗ ಉಜ್ಜಿ ಉಜ್ಜಿ ಹಳ್ಳ ಬಿದ್ದಿತ್ತು. ನಾನು ಹೆಬ್ಬೆರಳಿಟ್ಟು ನೋಡಿದೆ, ಸರಿಯಾಗಿ ಕೂತಿತು. ಉಳಿದ ಸರಳೆಲ್ಲ ತುಕ್ಕು ಹಿಡಿದಿದ್ದರೂ ಆ ಜಾಗ ಮಾತ್ರ ನುಣುಪು.

“ವಾಪಸ್ ಬರುವಾಗ?”

“ನೂಕ್ಕಂಡು. ಜೋಬಲ್ಲಿ ಒಸಿ ಕಾಸು, ಇವ್ಳ್ಗ ಎಲ್ಡು ಮೊಳ ಮಲ್ಲಿಗ.”

ಅಜ್ಜಿ ತಿರುಗಿ ನೋಡಲಿಲ್ಲ. ಒಲೆ ಊದುತ್ತಿದ್ದರು.

ನಾವೂ ಕೊಂಬೆ ಕಟ್ಟಿಕೊಳ್ಳಬಹುದಾ ಅಂತ ಕೇಳಿದೆ. ಈಗ ಒಂದು ಎಲೆ ಮುಟ್ಟಿದರೂ ಫಾರೆಸ್ಟಿನವರು ಬಿಡುವುದಿಲ್ಲ ಅಂದರು. ಬದಲಿಗೆ ಪೊಟ್ಟಣ ಕಟ್ಟಲು ಇಟ್ಟಿದ್ದ ಹಳೇ ಪೇಪರುಗಳನ್ನು ಹನ್ನೊಂದು ಜನಕ್ಕೂ ಹಂಚಿ ಅಂಗಿಯೊಳಗೆ ಎದೆಗೆ ಇಟ್ಟುಕೊಳ್ಳಲು ಹೇಳಿದರು. ಅಜ್ಜಿ ಕೈಗೆ ಸುತ್ತಲು ಪ್ಲಾಸ್ಟಿಕ್ ಕವರು ಕೊಟ್ಟರು. “ಮೂರ್ ತಿರುವ್ಗ ಒಂದ್ಸಲ ನಿಂತ್ಕಳಿ. ಕೈಯ ಕಂಕುಳ್ಗ ಇಟ್ಕಳಿ. ಬಿಸಿ ಆದ್ಮೇಲೇ ಮುಂದ್ಕ ಓಗಿ” ಅಂತ ಯಜಮಾನರು ಮೂರು ಸಲ ಹೇಳಿದರು, ಮೂರನೆಯ ಸಲ ನನ್ನ ಕೈ ಹಿಡಿದುಕೊಂಡು.

ಹಾಗೆಯೇ ಇಳಿದೆವು. 2022ರಿಂದ ಸಂಜೆ ಆರರ ಮೇಲೆ ಘಾಟಿಯಲ್ಲಿ ಭಾರೀ ಲಾರಿ ಬಿಡುವುದಿಲ್ಲವಾದ್ದರಿಂದ ಹಗಲಲ್ಲೇ ಅವೆಲ್ಲ ಏರುತ್ತವೆ. ತಿರುವಿನಲ್ಲಿ ಲಾರಿ ಕಾಣುವ ಮೊದಲು ಹಾರನ್ ಕೇಳುತ್ತಿತ್ತು. ನಾವು ಓರಕ್ಕೆ ನಿಂತು ದಾರಿ ಬಿಡುತ್ತಿದ್ದೆವು. ಎದೆಯ ಮೇಲಿನ ಪೇಪರು ಉಸಿರಿಗೊಮ್ಮೆ ಸರಸರ ಅನ್ನುತ್ತಿತ್ತು. ಅರ್ಧ ದಾರಿ ಇಳಿದ ಮೇಲೆ ಮಂಜು ಒಮ್ಮೆಗೇ ಹರಿದು, ಬಯಲು ಸೀಮೆಯ ಬೆಚ್ಚನೆ ಗಾಳಿ ಮುಖಕ್ಕೆ ಬಡಿಯಿತು. ಬಣ್ಣಾರಿ ಅಮ್ಮನ ಗುಡಿಯೆದುರು ವ್ಯಾನು ನಿಂತಿತ್ತು. ಅದರ ಚಾಲಕನೊಂದಿಗೆ ನಾನು ಮಾತಾಡಲಿಲ್ಲ.

ಸತ್ಯಮಂಗಲದಲ್ಲಿ ಮಲಗಿ ಬೆಳಿಗ್ಗೆ ಹೂವಿನ ಮಾರುಕಟ್ಟೆಗೆ ಹೋದೆ. ಚಳಿಗೆ ಮೊಗ್ಗು ಕಮ್ಮಿ, ಬೆಲೆ ಏರಿತ್ತು. ಎರಡು ಮೊಳ ಕೊಂಡು ಬಾಳೆ ಎಲೆಯಲ್ಲಿ ಸುತ್ತಿಸಿ ಬೆನ್ನಿನ ಜೇಬಿಗೆ ಹಾಕಿಕೊಂಡೆ. 27 ತಿರುವು ಹತ್ತುವಾಗ ಎಲ್ಲೂ ಸೈಕಲ್ಲು ಇಳಿಯಲಿಲ್ಲ. ಕೊನೆಯ ಐದು ತಿರುವು ಹೇಗೆ ಹತ್ತಿದೆನೋ ನೆನಪಿಲ್ಲ, ಬೆನ್ನ ಹಿಂದಿನ ಆ ವಾಸನೆ ನೆನಪಿದೆ.

ಯಜಮಾನರು ತೋಟಕ್ಕೆ ಹೋಗಿದ್ದರು. ಅಜ್ಜಿ ಎಲೆ ಬಿಚ್ಚಿದರು. ನನ್ನ ಬೆವರಿಗೆ, ಬೆನ್ನಿನ ಬಿಸಿಗೆ ಹೂವು ಅರ್ಧ ಕಂದಿತ್ತು. ನನಗೆ ಬೇಜಾರಾಯಿತು. ಅವರು ಅದನ್ನು ಮೂಗಿಗೆ ಹಿಡಿದು, ತುರುಬಿಗೆ ಸಿಕ್ಕಿಸಿಕೊಂಡು, ಕಾಪಿಗೆ ನೀರಿಡಲು ಹೋದರು.

“ಆಗ್ಲೂವೆ ಇಂಗೇ ಬಾಡ್ಕಂಡೇ ಬತ್ತಿತ್ತು ಕನವ್ವ” ಅಂದರು.