ಮುದ್ದೆ ಅಗಿಯೋದನ್ನ ಕಲಿತೆ

ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು 11 ವರ್ಷ ಆಯಿತು. ನಮ್ಮೂರು ನಾಗಮಂಗಲದ ಹತ್ತಿರ. ನಮ್ಮ ಕಡೆ ಮುದ್ದೆಯನ್ನ ಯಾರೂ ಅಗಿಯುವುದಿಲ್ಲ, ಗೊತ್ತಲ್ವಾ. ಮುರಿಯಬೇಕು, ಸಾರಿಗೆ ಅದ್ದಬೇಕು, ನುಂಗಬೇಕು. ಚಿಕ್ಕವನಿದ್ದಾಗ ಹಲ್ಲಿಗೆ ಹಾಕಿದರೆ ಅವ್ವ "ಅಗೀಬ್ಯಾಡ, ನುಂಗು" ಅಂತ ತಲೆಗೆ ಮೊಟಕುತ್ತಿದ್ದಳು. ಈಗ 43ನೇ ವಯಸ್ಸಿನಲ್ಲಿ, ತೂಕ ಇಳಿಸಲು ಹೊಟ್ಟೆ ಚಿಕ್ಕದು ಮಾಡೋ ಆಪರೇಷನ್ ಆದ ಮೇಲೆ, ಅದೇ ಮುದ್ದೆಯನ್ನ 20 ಸಲ ಅಗಿದು ತಿನ್ನುತ್ತಿದ್ದೇನೆ. ಯಾಕೆ ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ಫೋನಿನಲ್ಲಿ ಎರಡು ಮಾತಲ್ಲಿ ಮುಗಿಸುವ ವಿಷಯ ಅಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ನಾನು 118 ಕೆಜಿ ಇದ್ದೆ. ಎತ್ತರ ಐದೂವರೆ ಅಡಿ. ಸಕ್ಕರೆ ಕಾಯಿಲೆಗೆ ದಿನಾ ಮೂರು ಮಾತ್ರೆ, ಬಿಪಿಗೆ ಒಂದು, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟದಿರಲಿ ಅಂತ ಮುಖಕ್ಕೆ ಮಾಸ್ಕ್. ಇಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ಎನ್‌ಎಚ್‌ಎಸ್‌ನಲ್ಲಿ ನೇರವಾಗಿ ಹೋಗಿ ಆಪರೇಷನ್ ಮಾಡಿ ಅಂತ ಕೇಳೋ ಹಾಗಿಲ್ಲ. ಮೊದಲು ಏರಿಯಾ ಡಾಕ್ಟರು, ಆಮೇಲೆ ಡಯಟಿಷಿಯನ್, ಆಮೇಲೆ ಮನಸ್ಸಿನ ಡಾಕ್ಟರು, ಎಲ್ಲರ ಹತ್ತಿರವೂ ತಿಂಗಳುಗಟ್ಟಲೆ ಓಡಾಡಬೇಕು. ನಮ್ಮ ಕಡೆಯವರಿಗೆ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುವುದರಿಂದ ಆಪರೇಷನ್‌ಗೆ ನೋಡುವ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) ಮಿತಿಯನ್ನ ಬಿಳಿಯರಿಗಿಂತ 2.5 ಕಡಿಮೆ ಇಟ್ಟಿದ್ದಾರೆ. ನಾನಂತೂ ಯಾವ ಲೆಕ್ಕದಲ್ಲಿ ನೋಡಿದರೂ ಆ ಮಿತಿ ದಾಟಿದ್ದೆ.

ಆಪರೇಷನ್‌ಗೆ ಮುಂಚೆ ಎರಡು ವಾರ ಬರೀ ಹಾಲು, ಮೊಸರು, ತಿಳಿ ಸೂಪು. ನಮ್ಮಂಥವರ ಲಿವರ್ ಕೊಬ್ಬಿ ದಪ್ಪಗಾಗಿರುತ್ತದೆ, ಅದು ಜಠರದ ಮೇಲೇ ಕೂತಿರುತ್ತದೆ, ಅದು ಕುಗ್ಗಿದರೆ ಮಾತ್ರ ಡಾಕ್ಟರಿಗೆ ಕೆಲಸ ಮಾಡಲು ಜಾಗ. ನನಗೆ ಮಾಡಿದ್ದು ಸ್ಲೀವ್ ಅನ್ನೋ ಆಪರೇಷನ್. ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆದು, ಒಂದು ಬಾಳೆಹಣ್ಣಿನಷ್ಟು ಕೊಳವೆ ಉಳಿಸುತ್ತಾರೆ.

ಜನ ತಿಳಿದುಕೊಂಡಿರೋದು ಏನು ಅಂದರೆ, ಹೊಟ್ಟೆ ಚಿಕ್ಕದಾಯಿತು, ಅದಕ್ಕೆ ಕಡಿಮೆ ಸೇರುತ್ತದೆ, ಅಷ್ಟೇ ಅಂತ. ಅಷ್ಟೇ ಅಲ್ಲ. ಹಸಿವು ಹುಟ್ಟಿಸುವ ಘ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ತಯಾರಾಗೋದು ಜಠರದ ಮೇಲ್ಭಾಗದಲ್ಲಿ. ಆ ಭಾಗವೇ ಹೊರಗೆ ಹೋಗುತ್ತದೆ. ಹಾಗಾಗಿ ಮೊದಲ ಆರೇಳು ತಿಂಗಳು ನನಗೆ ಹಸಿವು ಅನ್ನೋದೇ ಗೊತ್ತಾಗಲಿಲ್ಲ. ನಿಜವಾಗಿ ಹೇಳುತ್ತೇನೆ, ಊಟಕ್ಕೆ ಅಲಾರಂ ಇಟ್ಟುಕೊಳ್ಳುತ್ತಿದ್ದೆ. ಅಲಾರಂ ಹೊಡೆದಾಗ ಎದ್ದು ನಾಲ್ಕು ಚಮಚ ಗಂಜಿಯನ್ನೋ ತೆಳು ಅಂಬಲಿಯನ್ನೋ ಕುಡಿದು ಕೂರುತ್ತಿದ್ದೆ. ಅವ್ವ ಫೋನ್ ಮಾಡಿ "ಉಂಡ್ಯಾ ಮಗ?" ಅಂದರೆ ಹ್ಞೂ ಅನ್ನುತ್ತಿದ್ದೆ. ಏನು ಉಂಡೆ, ಎಷ್ಟು ಉಂಡೆ ಅಂತ ಹೇಳಲು ಧೈರ್ಯ ಬರುತ್ತಿರಲಿಲ್ಲ.

ಎರಡು ವಾರ ನೀರು ನೀರಾಗಿ, ಮತ್ತೆರಡು ವಾರ ಮಿಕ್ಸಿಯಲ್ಲಿ ರುಬ್ಬಿ, ಆಮೇಲೆ ಮೆತ್ತಗೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಊಟಕ್ಕೆ ಬರಬೇಕು. ಗಟ್ಟಿ ಊಟ ಶುರುವಾದಾಗ ಡಯಟಿಷಿಯನ್ ಒಂದು ಸುಲಭದ ಲೆಕ್ಕ ಹೇಳಿಕೊಟ್ಟರು. ತುತ್ತು ಇಲ್ಲಿನ 20 ಪೆನ್ಸ್ ನಾಣ್ಯಕ್ಕಿಂತ ದೊಡ್ಡದಿರಬಾರದು, 20 ಸಲ ಅಗಿಯಬೇಕು, ನುಂಗಿದ ಮೇಲೆ 20 ಸೆಕೆಂಡ್ ಸುಮ್ನೆ ಕೂರಬೇಕು, 20 ನಿಮಿಷ ಆದ ಮೇಲೆ ತಟ್ಟೆ ಎತ್ತಿಡಬೇಕು. ನಾನು ಒಂದು 20 ಪೆನ್ಸ್ ನಾಣ್ಯವನ್ನ ತೊಳೆದು ಊಟದ ಮೇಜಿನ ಮೇಲೇ ಇಟ್ಟುಕೊಂಡಿದ್ದೆ.

ಮೂರನೇ ತಿಂಗಳು ಬೆಲ್‌ಗ್ರೇವ್ ರಸ್ತೆಯ ಅಂಗಡಿಯಿಂದ ರಾಗಿ ಹಿಟ್ಟು ತಂದು ಹೆಂಡತಿ ಮುದ್ದೆ ಕಟ್ಟಿದಳು. ನೆಲ್ಲಿಕಾಯಿ ಗಾತ್ರ, ಪಕ್ಕದಲ್ಲಿ ಮಸ್ಸೊಪ್ಪು. ಕೈ ಅಭ್ಯಾಸ ಬಿಡುತ್ತಾ? ಮುರಿದು, ಅದ್ದಿ, ನುಂಗಿಯೇ ಬಿಟ್ಟೆ. ಎದೆಯ ನಡುವೆ ಕಲ್ಲು ಕೂತ ಹಾಗಾಯಿತು. ಬಾಯಿ ತುಂಬ ನೊರೆ ನೊರೆ ಜೊಲ್ಲು, ಮೂಗು ಸೋರುತ್ತಿದೆ, ಬಿಕ್ಕಳಿಕೆ. ಸಿಂಕಿನ ಮುಂದೆ ಮುಕ್ಕಾಲು ಗಂಟೆ ಬಗ್ಗಿ ನಿಂತಿದ್ದೆ, ಆಮೇಲೆ ಅದು ಹೊರಗೆ ಬಂತು. ಹೆಂಡತಿ ಅಳುತ್ತಿದ್ದಳು. ಆಮೇಲೆ ಒಂದು ತಿಂಗಳು ಮುದ್ದೆ ಮುಟ್ಟಲಿಲ್ಲ. ಮತ್ತೆ ಶುರು ಮಾಡಿದಾಗ ಕಡಲೆಕಾಳಿನಷ್ಟು ಮುರಿದು ಅಗಿದೆ. ಹಲ್ಲಿಗೆ ಮೆತ್ತಿಕೊಂಡಿತು, ನಾಲಿಗೆಗೆ ಸ್ವಲ್ಪ ತರಿತರಿ, ಮಣ್ಣಿನ ಥರ ಒಂದು ವಾಸನೆ, ಕೊನೆಗೆ ಒಂದು ಸಣ್ಣ ಸಿಹಿ. ಹುಟ್ಟಿದಾಗಿನಿಂದ ತಿಂದ ರಾಗಿಯ ರುಚಿ ನನಗೆ ಗೊತ್ತೇ ಇರಲಿಲ್ಲ.

ಈಗ ನಾನು ಹೇಳಬೇಕು ಅಂದುಕೊಂಡಿರೋ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂಬತ್ತನೇ ತಿಂಗಳಿನಲ್ಲಿ ಹಸಿವು ವಾಪಸ್ ಬಂತು. ಆಫೀಸಿನಲ್ಲಿ ಹನ್ನೊಂದು ಗಂಟೆಗೆ ಹೊಟ್ಟೆ ಗುರ್ ಅಂದಾಗ ನನಗೆ ಕೈಕಾಲು ತಣ್ಣಗಾದವು. ಎಲ್ಲ ಹಾಳಾಯಿತು, ಮತ್ತೆ ಹಳೇ ಕಥೆ ಅಂತ ಅನ್ನಿಸಿತು. ಒಂದು ವಾರ ಯಾರಿಗೂ ಹೇಳಲಿಲ್ಲ. ಡಯಟಿಷಿಯನ್‌ಗೆ ಫೋನ್ ಮಾಡಿದರೆ ಆ ಹೆಣ್ಣುಮಗಳು ಸಮಾಧಾನವಾಗಿ, ಹಸಿವು ಬರೋದು ತುಂಬಾ ಜನಕ್ಕೆ ಆಗುತ್ತದೆ, ಆಪರೇಷನ್ ಕೆಟ್ಟಿಲ್ಲ, ನಿಮ್ಮ ತಪ್ಪೂ ಅಲ್ಲ ಅಂದರು. ಆಮೇಲೆ, ಹಸಿವಾದಾಗ ಒಂದು ಬೇಯಿಸಿದ ಮೊಟ್ಟೆ ಕೊಟ್ಟರೆ ತಿಂತೀರಾ ಅಂತ ಕೇಳಿದರು. ತಿನ್ನುತ್ತೇನೆ ಅನ್ನಿಸಿದರೆ ಅದು ಹೊಟ್ಟೆಯ ಹಸಿವು, ತಿನ್ನಿ. ಮೊಟ್ಟೆ ಬೇಡ, ಕುರುಕಲು ಬೇಕು ಅನ್ನಿಸಿದರೆ ಅದು ತಲೆಯ ಹಸಿವು. ನಮ್ಮಲ್ಲಿ ಇದಕ್ಕೆ ಬಾಯಿಚಪಲ ಅಂತ ಯಾವಾಗಿನಿಂದಲೋ ಹೆಸರಿದೆ. ಆದರೆ ಅದನ್ನ ಬೈಗುಳದ ಹಾಗೆ ಬಳಸುತ್ತೇವೆ, ಅದು ತಪ್ಪು ಅಂತ ಈಗ ನನಗೆ ಅನ್ನಿಸುತ್ತದೆ. ಕೆಲಸದ ಒತ್ತಡ, ಇಲ್ಲಿನ ನವೆಂಬರ್ ತಿಂಗಳಲ್ಲಿ ನಾಲ್ಕೂವರೆಗೇ ಕತ್ತಲಾಗೋದು, ಊರಿನ ನೆನಪು, ಇವೆಲ್ಲ ಬಾಯಿಗೇ ಬಂದು ಕೂರುತ್ತವೆ. ಅಂಥ ಹೊತ್ತಿನಲ್ಲಿ ನಾನು ಜಾಕೆಟ್ ಹಾಕಿಕೊಂಡು ಹೊರಗೆ ಹೋಗಿ ಅವ್ವನಿಗೆ ಫೋನ್ ಮಾಡುತ್ತೇನೆ. ಎಲ್ಲ ದಿನ ಆಗಲ್ಲ. ಕೆಲವು ದಿನ ಕೋಡುಬಳೆಯೇ ಗೆಲ್ಲುತ್ತದೆ.

ಇನ್ನೊಂದು ಎಚ್ಚರಿಕೆ. ಚಿಪ್ಸ್, ಮಿಕ್ಸ್ಚರ್, ಟೀಯಲ್ಲಿ ಅದ್ದಿದ ಬಿಸ್ಕತ್ತು, ಐಸ್‌ಕ್ರೀಂ, ಇವು ಚಿಕ್ಕ ಹೊಟ್ಟೆಯಲ್ಲಿ ನಿಲ್ಲೋದೇ ಇಲ್ಲ, ಜಾರಿ ಹೋಗುತ್ತವೆ, ಎಷ್ಟು ಬೇಕಾದರೂ ತಿನ್ನಬಹುದು. ಅನ್ನಕ್ಕೆ ಸಾರು ಜಾಸ್ತಿ ಕಲಸಿದರೂ ಅದೇ ಕಥೆ, ಗಂಟೆಯೊಳಗೆ ಮತ್ತೆ ಹಸಿವು. ಅದಕ್ಕೇ ಊಟದ ಜೊತೆ ನೀರು, ಮಜ್ಜಿಗೆ ಕುಡಿಯೋ ಹಾಗಿಲ್ಲ, ಉಂಡು ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಹಸಿವನ್ನ ಹಿಡಿದಿಡೋದು ಪ್ರೋಟೀನ್. ದಿನಕ್ಕೆ 60 ಗ್ರಾಂನಾದರೂ ಬೇಕು, ಒಂದು ಮೊಟ್ಟೆಯಲ್ಲಿ ಸಿಗೋದು ಬರೀ ಆರು. ಹಾಗಾಗಿ ತಟ್ಟೆಯಲ್ಲಿ ಮೊದಲು ಮೊಟ್ಟೆ, ಮೀನು, ಪನೀರ್, ಬೆಂದ ಹೆಸರುಕಾಳು. ಅನ್ನ ಕೊನೆಗೆ, ಜಾಗ ಇದ್ದರೆ. ಮಟನ್ ಪೀಸು ನನಗೆ ಇವತ್ತಿಗೂ ಇಳಿಯಲ್ಲ, ಆದರೆ ಖೈಮಾ ಉಂಡೆ ಸಾರು ಚೆನ್ನಾಗಿ ಇಳಿಯುತ್ತದೆ. ನನ್ನ ಪಾಲಿಗೆ ಅದೇ ದೊಡ್ಡ ಸಮಾಧಾನ.

ವಿಟಮಿನ್ ಮಾತ್ರೆ ಜೀವನಪೂರ್ತಿ. ಮೂರು ತಿಂಗಳಿಗೊಂದು ಬಿ12 ಇಂಜೆಕ್ಷನ್, ವರ್ಷಕ್ಕೊಂದು ರಕ್ತಪರೀಕ್ಷೆ. ನಾಲ್ಕನೇ ತಿಂಗಳು ಕೂದಲು ಕಂತೆ ಕಂತೆಯಾಗಿ ಉದುರಿತು, ಆಮೇಲೆ ಬಂತು. ಕೆಲವರು ಇಲ್ಲಿಂದ ಟರ್ಕಿಗೆ ಹೋಗಿ ಮಾಡಿಸಿಕೊಂಡು ಬರುತ್ತಾರೆ. ರಜೆಗೆ ಬೆಂಗಳೂರಿಗೆ ಬಂದು ಮಾಡಿಸಿಕೊಂಡು ಹೋಗಲಾ ಅಂತ ನನ್ನನ್ನ ಕೇಳುವ ಸ್ನೇಹಿತರೂ ಇದ್ದಾರೆ. ಮಾಡಿಸಿಕೊಳ್ಳಿ, ಬೇಡ ಅನ್ನಲ್ಲ. ಆದರೆ ವಾಪಸ್ ಬಂದ ಮೇಲೆ ನಿಮ್ಮ ರಕ್ತ ನೋಡೋದು ಯಾರು, ವಾಂತಿ ನಿಲ್ಲದೇ ಹೋದರೆ ಯಾರಿಗೆ ಫೋನ್ ಮಾಡ್ತೀರಿ, ಅದನ್ನ ಟಿಕೆಟ್ ತೆಗೆಯೋ ಮುಂಚೆ ಗೊತ್ತು ಮಾಡಿಕೊಳ್ಳಿ. ದಿನಗಟ್ಟಲೆ ವಾಂತಿಯಾದರೆ ಬಿ1 ವಿಟಮಿನ್ ಬೇಗ ಖಾಲಿಯಾಗಿ ನರಕ್ಕೆ, ಮೆದುಳಿಗೆ ಪೆಟ್ಟು ಬೀಳುತ್ತದೆ. ನಾಳೆ ನೋಡೋಣ ಅನ್ನೋ ವಿಷಯ ಅಲ್ಲ ಅದು.

ಈಗ 87 ಕೆಜಿ ಇದ್ದೇನೆ. 84ಕ್ಕೆ ಇಳಿದು ಮೂರು ಕೆಜಿ ಮೇಲೆ ಬಂದಿದೆ. ಸಕ್ಕರೆ ಮಾತ್ರೆ ಸದ್ಯಕ್ಕೆ ಒಂದೂ ಇಲ್ಲ. ಮಾಸ್ಕ್ ವಾಪಸ್ ಕೊಟ್ಟಿದ್ದೇನೆ.

ಹೋದ ಸಲ ಊರಿಗೆ ಬಂದಾಗ ದೊಡ್ಡಪ್ಪನ ಮೊಮ್ಮಗಳ ಬೀಗರ ಊಟ ಇತ್ತು. ಎಲೆ ಮುಂದೆ ಕೂತೆ. ಬಡಿಸೋರು ಬೇಡ ಅಂದರೂ ದೊಡ್ಡ ಮುದ್ದೆ ಹಾಕಿದರು, ಅದರ ಮೇಲೆ ಸಾರು, ಪಕ್ಕದವರು "ಯಾಕಣ್ಣ, ನಮ್ಮೂರ ಊಟ ಸೇರಲ್ವಾ ಈಗ?" ಅಂದರು. ಪ್ರೀತಿಯಿಂದಲೇ ಅಂದಿದ್ದು, ಗೊತ್ತು. ಆದರೂ ಗಂಟಲು ಕಟ್ಟಿತು. ಎದುರು ಸಾಲಿನಲ್ಲಿದ್ದ ಅವ್ವ ಎದ್ದು ಬಂದು, ಆ ಮುದ್ದೆಯಿಂದ ಒಂದು ಚೂರು ಮುರಿದು ನನಗೆ ಬಿಟ್ಟು, ಉಳಿದದ್ದನ್ನ ತನ್ನ ಎಲೆಗೆ ಹಾಕಿಕೊಂಡಳು. ಯಾರಿಗೂ ಏನೂ ಹೇಳಲಿಲ್ಲ. ನಾನು ಅಗಿಯುತ್ತಾ ಕೂತಿದ್ದೆ, ಪಂಕ್ತಿ ಎದ್ದು ಹೋದ ಮೇಲೂ ಅವಳು ಎಲೆ ಮಡಿಸದೆ ಕಾಯುತ್ತಿದ್ದಳು.

ಇನ್ನು ಮೂರು ತಿಂಗಳಿಗೆ ತಮ್ಮನ ಮದುವೆಗೆ ಬರುತ್ತಿದ್ದೇನೆ. ಬಡಿಸೋರು ಇದನ್ನ ಓದುತ್ತಿದ್ದರೆ, ದಯವಿಟ್ಟು ನನಗೆ ಮೊಟ್ಟೆ ಮೊದಲು ಹಾಕಿ.